ನೋಟಿನ ಮೇಲಿನ ಸಣ್ಣ ಸಾಲು

ನೂರು ರೂಪಾಯಿಯ ನೋಟನ್ನು ತಿರುಗಿಸಿದರೆ ಅದರ ಎಡಭಾಗದಲ್ಲಿ ಒಂದು ಕಿರಿದಾದ ಪಟ್ಟಿ ಕಾಣುತ್ತದೆ. ಅದರಲ್ಲಿ 15 ಭಾಷೆಗಳು ಒಂದರ ಕೆಳಗೊಂದು ನಿಂತಿವೆ. ಇಂಗ್ಲಿಷ್ ಅಕಾರಾದಿಯ ಕ್ರಮದಲ್ಲಿರುವ ಆ ಪಟ್ಟಿಯಲ್ಲಿ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ತರುವಾಯ ನಾಲ್ಕನೆಯ ಸಾಲು ಕನ್ನಡದ್ದು: ‘ನೂರು ರೂಪಾಯಿಗಳು’. ಕಾಸರಗೋಡಿನಲ್ಲಿಯೂ ತಾಳವಾಡಿಯಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಬಸ್ಸಿನ ಫಲಕ, ಕಚೇರಿಯ ಅರ್ಜಿ ನಮೂನೆಗಳು ಆಯಾ ರಾಜ್ಯದ ಭಾಷೆಯಲ್ಲಿರುವುದೇ ಹೆಚ್ಚು. ನೋಟು ಮಾತ್ರ ಎಲ್ಲಿ ಚಲಾವಣೆಯಾದರೂ ಈ ಸಾಲನ್ನು ಹೊತ್ತೇ ತಿರುಗುತ್ತದೆ. ಯಾರೂ ಓದದ ಈ ಸಣ್ಣ ಅಕ್ಷರಗಳಿಗೆ ಅಲಂಕಾರಕ್ಕಿಂತ ಹೆಚ್ಚಿನ ಬೆಲೆ ಉಂಟೇ ಎಂಬ ಪ್ರಶ್ನೆಗೆ ಬೇರೆ ದೇಶಗಳ ನಾಣ್ಯಚರಿತ್ರೆಯಲ್ಲಿ ಉತ್ತರವಿದೆ.

ಮೊದಲು ಆ ಪಟ್ಟಿಯನ್ನೇ ತುಸು ಗಮನಿಸಬೇಕು. ಹದಿನೈದು ಸಾಲುಗಳೂ ಒಂದೇ ಮೊತ್ತವನ್ನು ಹೇಳಿದರೂ ಒಂದೇ ಹೆಸರನ್ನು ಹೇಳುವುದಿಲ್ಲ. ಕನ್ನಡ, ತೆಲುಗು, ತಮಿಳು, ಮಲಯಾಳಂ, ಮರಾಠಿಗಳಲ್ಲಿರುವುದು ‘ರೂಪಾಯಿ’ಯ ರೂಪಗಳು, ಸಂಸ್ಕೃತದ ಸಾಲು ‘ರೂಪ್ಯಕ’ ಎನ್ನುತ್ತದೆ. ರೂಪ ಎಂಬ ಶಬ್ದಕ್ಕೆ ಪ್ರತ್ಯಯ ಹತ್ತಿ, ಮುದ್ರೆಯೊತ್ತಿದ್ದು ಎಂಬ ಅರ್ಥದಲ್ಲಿ ‘ರೂಪ್ಯ’ವಾಗುವುದನ್ನು ಪಾಣಿನಿಯೇ ಹೇಳಿದ್ದಾನೆ. 16ನೆಯ ಶತಮಾನದಲ್ಲಿ ಶೇರ್ ಶಾ ಸೂರಿ ಹೊರಡಿಸಿದ ಬೆಳ್ಳಿಯ ನಾಣ್ಯದೊಂದಿಗೆ ಈ ಹೆಸರು ಭದ್ರವಾಗಿ ನೆಲೆಗೊಂಡಿತು. ಆದರೆ ಅಸ್ಸಾಮಿ, ಬಂಗಾಳಿ, ಒಡಿಯಾ ಸಾಲುಗಳಲ್ಲಿ ರೂಪಾಯಿಯೇ ಇಲ್ಲ. ಅಲ್ಲಿರುವುದು ಟಕಾ, ಟಾಕಾ, ಟಂಕಾ. ಇವೆಲ್ಲವೂ ಸಂಸ್ಕೃತದ ‘ಟಂಕ’ದಿಂದ ಬಂದವು. ಕನ್ನಡದಲ್ಲಿ ಟಂಕ ಎಂಬ ನಾಣ್ಯ ಬಳಕೆಯಲ್ಲಿಲ್ಲವಾದರೂ ನಾಣ್ಯ ಅಚ್ಚುಹಾಕುವ ಸ್ಥಳಕ್ಕೆ ಇಂದಿಗೂ ಟಂಕಸಾಲೆ ಎಂದೇ ಹೆಸರು.

ಈ ‘ಟಾಕಾ’ ಒಂದು ರಾಷ್ಟ್ರದ ನಾಣ್ಯವಾದ ಬಗೆ ತಿಳಿಯತಕ್ಕದ್ದು. 1947ರಲ್ಲಿ ಹುಟ್ಟಿದ ಪಾಕಿಸ್ತಾನವು ತನ್ನ ಹಣ, ಅಂಚೆಚೀಟಿಗಳಲ್ಲಿ ಬಂಗಾಳಿಗೆ ಎಡೆಗೊಡದಿದ್ದುದು ಪೂರ್ವ ಬಂಗಾಳದ ಭಾಷಾ ಚಳವಳಿಯ ಮೊದಲ ಅಸಮಾಧಾನಗಳಲ್ಲೊಂದು. ಮುಂದೆ ಪಾಕಿಸ್ತಾನದ ನೋಟುಗಳ ಮೇಲೆ ಉರ್ದುವಿನೊಡನೆ ಬಂಗಾಳಿಯೂ ಬಂದಿತು. ಅಲ್ಲಿ ಉರ್ದು ರೂಪಾಯಿ ಎಂದರೆ ಬಂಗಾಳಿ ಟಾಕಾ ಎನ್ನುತ್ತಿತ್ತು. 1971ರಲ್ಲಿ ಸ್ವತಂತ್ರವಾದ ಬಾಂಗ್ಲಾದೇಶ ಮರುವರ್ಷವೇ ತನ್ನ ನಾಣ್ಯಕ್ಕೆ ಟಾಕಾ ಎಂದು ಹೆಸರಿಟ್ಟಿತು. ಆ ದೇಶ ಹೊಸ ಹೆಸರನ್ನು ಹುಡುಕಬೇಕಾಗಿರಲಿಲ್ಲ. ಪೇಟೆಯಲ್ಲಿ ಜನ ಆಡುತ್ತಿದ್ದುದೂ ನೋಟಿನ ಮೇಲಿದ್ದುದೂ ಅದೇ ಆಗಿತ್ತು.

ಸೋವಿಯತ್ ಒಕ್ಕೂಟದ ಕತೆ ಇದಕ್ಕಿಂತಲೂ ಸ್ವಾರಸ್ಯಕರವಾದುದು. 1961ರ ರೂಬಲ್ ನೋಟುಗಳ ಮೇಲೆ 15 ಗಣರಾಜ್ಯಗಳ ಭಾಷೆಗಳಲ್ಲಿ ಮೊತ್ತವನ್ನು ಮುದ್ರಿಸಲಾಗಿತ್ತು. ರಷ್ಯನ್ ಭಾಷೆ ದೊಡ್ಡ ಅಕ್ಷರಗಳಲ್ಲಿ, ಉಳಿದವು ಸಣ್ಣ ಅಕ್ಷರಗಳಲ್ಲಿ. ಆ ಸಣ್ಣ ಸಾಲುಗಳಲ್ಲಿ ರೂಬಲ್ಲಿಗೆ ಉಕ್ರೇನಿಯನ್ ‘ಕಾರ್ಬೊವನೆತ್ಸ್’ ಎಂದೂ ಅಜರ್‌ಬೈಜಾನಿ, ತುರ್ಕಮೆನ್ ಭಾಷೆಗಳು ‘ಮನಾತ್’ ಎಂದೂ ಕಿರ್ಗಿಜ್ ‘ಸೋಮ್’ ಎಂದೂ ಕರೆದಿದ್ದವು. 1991ರಲ್ಲಿ ಒಕ್ಕೂಟ ಒಡೆಯಿತು. ಎರಡು ವರ್ಷಗಳೊಳಗೆ ಉಕ್ರೇನಿನಲ್ಲಿ ಕಾರ್ಬೊವನೆತ್ಸ್, ಅಜರ್‌ಬೈಜಾನ್ ಮತ್ತು ತುರ್ಕಮೆನಿಸ್ತಾನಗಳಲ್ಲಿ ಮನಾತ್, ಕಿರ್ಗಿಜ್‌ಸ್ತಾನದಲ್ಲಿ ಸೋಮ್ ಚಲಾವಣೆಗೆ ಬಂದವು. ಉಕ್ರೇನ್ 1996ರಲ್ಲಿ ತನ್ನ ನಾಣ್ಯವನ್ನು ಬದಲಿಸಿ ‘ಹ್ರಿವ್ನಿಯಾ’ ಎಂಬ ಹಳೆಯ ಹೆಸರನ್ನು ತಂದುಕೊಂಡಿತು; ಉಳಿದವು ಇಂದಿಗೂ ನಡೆಯುತ್ತಿವೆ. ಅನುವಾದವೆಂದು ಅಚ್ಚಾದ ಪದವು ಅಧಿಕೃತ ಪದವಾಗಲು ಮೂವತ್ತು ವರ್ಷ ಸಾಕಾಯಿತು.

ಹಾಗೆಂದು ಈ ಹೆಸರುಗಳೆಲ್ಲ ಆಯಾ ನೆಲದಲ್ಲಿಯೇ ಹುಟ್ಟಿದವೆಂದು ಭಾವಿಸಬಾರದು. ಮನಾತ್ ಲ್ಯಾಟಿನ್ನಿನ ‘ಮೊನೇತ’ದ ವಂಶದ್ದು, ಇಂಗ್ಲಿಷಿನ ಮನಿ, ಮಿಂಟ್ ಎಂಬ ಶಬ್ದಗಳೂ ಅದರ ಮಕ್ಕಳೇ. ಕೊಲ್ಲಿಯ ನಾಡುಗಳಲ್ಲಿ ಒಂದು ಕಾಲಕ್ಕೆ ಭಾರತದ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರದೇಶಕ್ಕೆಂದೇ ಪ್ರತ್ಯೇಕ ನೋಟುಗಳನ್ನು ಅಚ್ಚುಹಾಕಿಸಿತ್ತು. 1961ರಲ್ಲಿ ಕುವೈತ್ ಅದನ್ನು ಬಿಟ್ಟು ಅರಬ್ ಪರಂಪರೆಯ ದಿನಾರನ್ನು ತಂದಿತು. ಆ ದಿನಾರಾದರೂ ರೋಮಿನ ‘ದೆನಾರಿಯುಸ್’ ಎಂಬ ಬೆಳ್ಳಿ ನಾಣ್ಯದ ಹೆಸರೇ. ಗುಪ್ತರ ಕಾಲದ ಸಂಸ್ಕೃತ ಶಾಸನಗಳಲ್ಲಿ ಅದು ‘ದೀನಾರ’ವಾಗಿ ಕಾಣಿಸಿಕೊಂಡಿದೆ. ದಿರ್ಹಮಿನ ಮೂಲ ಗ್ರೀಕರ ದ್ರಾಕ್ಮ. ಜಗತ್ತನ್ನೇ ಆಳುವ ಡಾಲರು, ಇಂದಿನ ಚೆಕ್ ದೇಶದಲ್ಲಿರುವ ಯೋಆಖಿಮ್ಸ್‌ಟಾಲ್ ಎಂಬ ಬೆಳ್ಳಿಗಣಿಯ ಊರಿನ ‘ಟಾಲರ್’. ಟಾಲ್ ಎಂದರೆ ಜರ್ಮನ್ ಭಾಷೆಯಲ್ಲಿ ಕಣಿವೆ. ಸ್ವಂತ ನುಡಿಯಿಂದಲೇ ಹೆಸರನ್ನು ಆರಿಸಿಕೊಂಡ ದೇಶಗಳೂ ಇಲ್ಲದಿಲ್ಲ. ಕಲಹರಿ ಮರುಭೂಮಿಯ ಬೋಟ್ಸ್‌ವಾನಾ 1976ರಲ್ಲಿ ದಕ್ಷಿಣ ಆಫ್ರಿಕದ ರ್‍ಯಾಂಡನ್ನು ಬಿಟ್ಟು ತನ್ನ ನಾಣ್ಯವನ್ನು ‘ಪುಲಾ’ ಎಂದು ಕರೆಯಿತು. ತ್ಸ್ವಾನಾ ಭಾಷೆಯಲ್ಲಿ ಪುಲಾ ಎಂದರೆ ಮಳೆ. ಮಡಕಶಿರಾ, ಜತ್ತ ಸೀಮೆಗಳ ಓದುಗರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಕನ್ನಡದ ಗದ್ಯಾಣ, ವರಹ, ಹಣಗಳಲ್ಲಿ ಯಾವುದೂ ಇಂದು ಯಾವ ದೇಶದ ನಾಣ್ಯವೂ ಅಲ್ಲ. ವಿಜಯನಗರದ ವರಹವನ್ನು ಯುರೋಪಿಯನ್ನರು ಪಗೋಡ ಎಂದು ಬರೆದುಕೊಂಡರು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಹೆಸರಿನ ‘ಕಂಠೀರಾಯ ಹಣ’ ಅವರ ಕಾಲಾನಂತರವೂ ಬಹುಕಾಲ ಲೆಕ್ಕದಲ್ಲಿ ಉಳಿಯಿತು. ನಾಣ್ಯ ಹೋಯಿತು, ಹೆಸರು ಹೋಗಲಿಲ್ಲ. ಒಂದು ಚಿಕ್ಕ ಚಿನ್ನದ ನಾಣ್ಯದ ಹೆಸರಾಗಿದ್ದ ‘ಹಣ’ ಎಲ್ಲ ಬಗೆಯ ಧನಕ್ಕೂ ಸಲ್ಲುವ ಮಾತಾಯಿತು. ತಾಮ್ರದ ನಾಣ್ಯವಾಗಿದ್ದ ‘ದುಡ್ಡಿ’ಗೂ ಅದೇ ಗತಿ.

ಗಡಿನಾಡಿನ ವಿದ್ಯಾರ್ಥಿಗೆ ಇಲ್ಲಿ ಪಾಠಪುಸ್ತಕವನ್ನು ಮೀರಿದ ಒಂದು ಅನುಕೂಲವಿದೆ. ಪದಾದಿಯ ಪಕಾರ ನಡುಗನ್ನಡದಲ್ಲಿ ಹಕಾರವಾಯಿತೆಂಬುದನ್ನು ಇತರರು ಸೂತ್ರವಾಗಿ ಕಂಠಪಾಠ ಮಾಡುತ್ತಾರೆ. ಕಾಸರಗೋಡಿನವನು ಮನೆಯಲ್ಲಿ ಹಣ, ಹೊನ್ನು ಎಂದು ಕೇಳಿ, ಪೇಟೆಗೆ ಬಂದರೆ ಪಣಂ, ಪೊನ್ನ್ ಎಂದು ಕೇಳುತ್ತಾನೆ. ಹೊಸೂರಿನವನಿಗೆ ತಮಿಳಿನಲ್ಲಿ ಪಣಂ, ಪೊನ್ ಕಿವಿಗೆ ಬೀಳುತ್ತವೆ. ಆದವಾನಿಯ ಪೇಟೆಯ ‘ಡಬ್ಬು’ ಕೂಡ ಒಂದಾನೊಂದು ತಾಮ್ರದ ನಾಣ್ಯವೇ. ಸೊಲ್ಲಾಪುರದಲ್ಲಿ ಮರಾಠಿಯ ‘ಪೈಸಾ’ ಎಂದರೆ ರೂಪಾಯಿಯ ನೂರನೆಯ ಪಾಲೂ ಹೌದು, ಒಟ್ಟು ಸಂಪತ್ತೂ ಹೌದು. ಅಲ್ಲಿನ ಕನ್ನಡಿಗರ ಬಾಯಲ್ಲಿ ಅದು ‘ರೊಕ್ಕ’.

1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದು ಆಣೆಯ ಲೆಕ್ಕ ಮುಗಿಯಿತು. ಆದರೂ ಐವತ್ತು ಪೈಸೆಗೆ ಎಂಟಾಣೆ ಎನ್ನುವುದು ತಪ್ಪಲಿಲ್ಲ. ಪೂರ್ಣ ನಿಜವಾದುದು ಇಂದಿಗೂ ‘ಹದಿನಾರಾಣೆ ಸತ್ಯ’ವೇ. ಇನ್ನು ಬೆಲೆಯಿಲ್ಲದ್ದನ್ನು ಕುರಿತು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವವರು ಕಡಲಿನ ಕವಡೆ, ದ್ರಾವಿಡದ ಕಾಸು, ಅರಬ್ಬಿಯ ಕಿಮ್ಮತ್ತುಗಳನ್ನು ಒಂದೇ ಉಸಿರಿನಲ್ಲಿ ಎಣಿಸಿಬಿಡುತ್ತಾರೆ.