ಎರೆ ಹೊಲಕ್ಕೆ ದೊಡ್ಡ ಟೈರ್ ಹಾಕಿಸ್ತೀರಾ?

ಕರ್ಜಗಿ ಸುತ್ತ ಎರೆ ಹೊಲ. ಜೋರು ಮಳೆ ಬಿತ್ತೋ, ಟ್ರ್ಯಾಕ್ಟರ್ ಗಾಲಿ ನಿಂತಲ್ಲೇ ತಿರುಗುತ್ತೆ. "ದೊಡ್ಡ ಟೈರ್ ಹಾಕ್ಸೋಣ್ರೀ" ಅನ್ನೋ ಮಾತು ಆಗಲೇ ಬರೋದು.

ಹಾಕಿಸಬಹುದು. ಆದರೆ ಕೆಲಸ ಮಾಡೋದು ಬರೀ ಗಾತ್ರ ಅಲ್ಲ, ಗಾಳಿ. ಟೈರು ನೆಲವನ್ನು ಒತ್ತೋದು ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ. ದೊಡ್ಡ ಟೈರು ಕಡಿಮೆ ಗಾಳಿಯಲ್ಲೂ ಅದೇ ಭಾರ ಹೊರುತ್ತೆ, ಅಗಲವಾಗಿ ಕೂರುತ್ತೆ, ಬೇಗ ಹೂತುಹೋಗಲ್ಲ. ಅಲಾಸ್ಕಾದಲ್ಲಿ ನದಿ ಮರಳಿನ ಮೇಲೆ ಇಳಿಯೋ ಸೂಪರ್ ಕಬ್ ವಿಮಾನಗಳಿಗೆ 31 ಇಂಚಿನ ಮೆತ್ತನೆ ಟೈರ್ ಹಾಕೋದೂ ಇದಕ್ಕೇ. ನಮ್ಮ ವರದಾ ನದಿ ದಂಡೆಗೆ ಅವು ಬರಲ್ಲ ಬಿಡಿ!

ಈಗ ಟೈರ್ ಗಾತ್ರದ ಲೆಕ್ಕ. 13.6-28 ಅಂದರೆ ಸುಮಾರು 13.6 ಇಂಚು ಅಗಲ, 28 ಇಂಚಿನ ರಿಮ್. ಅದರ ಜಾಗಕ್ಕೆ 14.9-28 ಬಂದರೆ ಎತ್ತರವೂ ಎರಡು ಇಂಚಿನಷ್ಟು ಏರುತ್ತೆ: ಓಟ ಜಾಸ್ತಿ, ಎಳೆಯೋ ಬಲ ತುಸು ಕಮ್ಮಿ. ರಿಮ್ಮಿನ ಅಗಲ ಹೊಂದುತ್ತಾ ನೋಡ್ಕೊಳ್ಳಿ. ಫೋರ್ ವೀಲ್ ಡ್ರೈವ್ ಇದ್ದರೆ ಹಿಂದಿನದನ್ನಷ್ಟೇ ಬದಲಿಸಬೇಡಿ. ಹಿಂದಿನ ಗಾಲಿ, ಮುಂದಿನ ಗಾಲಿ ಜಗ್ಗಾಡಿ ಟೈರೂ ಗೇರೂ ಸವೆಯುತ್ತವೆ.

ಬರೀ ಭತ್ತದ ಕೆಸರಿಗಾದರೆ ಕೇಜ್ ವೀಲ್ ಸಾಕು. ಹೊಲದಲ್ಲಿ ಗಾಳಿ ಇಳಿಸಿದ್ದೀರಾ? ಮೆಣಸಿನಕಾಯಿ ಚೀಲ ಹೇರಿ ಬ್ಯಾಡಗಿ ರಸ್ತೆ ಹಿಡಿಯೋ ಮುನ್ನ ಮತ್ತೆ ತುಂಬಿಸಿ. ಇಲ್ಲಾಂದ್ರೆ ಟೈರಿನ ಮಗ್ಗುಲು ಕಾಯ್ದು ಬಿರಿಯುತ್ತೆ.