44,855 ದಿನ ಮೊದಲು

ಸತ್ತೂರಿನಲ್ಲಿ ನಿಂತರೆ ರಸ್ತೆ ಎರಡೂ ಕಡೆ ಕಿತ್ತೂರಿನ ರಾಣಿ ಚೆನ್ನಮ್ಮನ ಹತ್ತಿರವೇ ಒಯ್ಯುತ್ತದೆ. ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರೆ ಕುದುರೆಯೇರಿ ನಿಂತ ಚೆನ್ನಮ್ಮನ ಸರ್ಕಲ್; ಧಾರವಾಡ ದಾಟಿ ಬೆಳಗಾವಿ ದಾರಿ ಹಿಡಿದರೆ ಸುಮಾರು ನಲವತ್ತು ಕಿಲೋಮೀಟರಿಗೆ ಕಿತ್ತೂರು. ದಿನಾ ಬಾಯಲ್ಲಿರುವ ಹೆಸರು. ಆದರೆ ಆಕೆ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನಡೆಸಿದ ಕಾಳಗ ಎಷ್ಟು ಮುಂಚಿನದು ಎಂದು ಲೆಕ್ಕ ಹಾಕಿದವರು ಕಡಿಮೆ.

ಹಾಕಿ ನೋಡೋಣ. ದಿನ, 1824ರ ಅಕ್ಟೋಬರ್ 23. 1857ರ ದಂಗೆಗೆ ಇನ್ನೂ 32 ವರ್ಷ ಆರು ತಿಂಗಳು ಬಾಕಿ. ನಾನಾಸಾಹೇಬ ಆಗ ಐದು ತಿಂಗಳ ಕೂಸು. ಮಂಗಲ ಪಾಂಡೆ ಹುಟ್ಟಿರಲಿಲ್ಲ, ಝಾನ್ಸಿಯ ಲಕ್ಷ್ಮೀಬಾಯಿಯೂ ಹುಟ್ಟಿರಲಿಲ್ಲ. ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂದು ಸಂಸ್ಥಾನಗಳನ್ನು ನುಂಗಿದ ಡಾಲ್‌ಹೌಸಿ ಆಗ ಹನ್ನೆರಡು ವರ್ಷದ ಹುಡುಗ! ಆತ ಸಾತಾರೆಯನ್ನು ನುಂಗಿದ್ದು 1848ರಲ್ಲಿ. ಅದೇ ನೆಪ ಕಿತ್ತೂರಿನ ಬಾಗಿಲಿಗೆ 24 ವರ್ಷ ಮೊದಲೇ ಬಂದಿತ್ತು. ಅಲ್ಲಿನ ಅರಸ ಶಿವಲಿಂಗರುದ್ರಸರ್ಜ ತೀರಿಕೊಂಡಿದ್ದ, ದತ್ತು ಪುತ್ರನನ್ನು ಕಂಪನಿ ಒಪ್ಪಲಿಲ್ಲ, ಖಜಾನೆಗೆ ಮೊಹರು ಬಿತ್ತು.

ಕಂಪನಿಯ ಮೂರೂ ಪ್ರಾಂತಗಳ ಸೈನ್ಯ ಸೇರಿದರೆ ಆಗ ಸುಮಾರು 2 ಲಕ್ಷ. ಪೇಶ್ವೆಯನ್ನು ಮಣಿಸಿ ಆರೇ ವರ್ಷವಾಗಿತ್ತು. ಅದೇ ವರ್ಷ ಬರ್ಮಾದಲ್ಲೂ ಯುದ್ಧ ನಡೆದಿತ್ತು. ಅಂಥವರ ಎದುರು ಒಂದು ದೇಸಗತಿ, ಅದರ ಮುಂದೆ 46 ವರ್ಷದ ವಿಧವೆ ಚೆನ್ನಮ್ಮ. ಆ ದಿನ ಕೋಟೆಯ ಬಾಗಿಲು ತೆರೆದು ಕಿತ್ತೂರಿನವರು ನುಗ್ಗಿದಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದ. ಜಿಲ್ಲೆಯ ದೊರೆಯೇ ಸತ್ತ ಸುದ್ದಿ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ನ ಮೇಜಿಗೆ ಹೋಗಿರಬೇಕಾದ ಬಗೆಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಅಂದು ಸೆರೆಸಿಕ್ಕ ಕಂಪನಿಯ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್, ವಯಸ್ಸು 21. ಕಿತ್ತೂರಿನವರು ಅವನನ್ನು ಕೊಲ್ಲಲಿಲ್ಲ, ಚೆನ್ನಾಗಿಯೇ ನೋಡಿಕೊಂಡು ಬಿಟ್ಟುಕೊಟ್ಟರು. ಮುಂದೆ ಅದೇ ಮನುಷ್ಯ ಈ ಸೀಮೆಯ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿ ಚಾಲುಕ್ಯರ ಚರಿತ್ರೆಯನ್ನು ಬೆಳಕಿಗೆ ತಂದ. ಗೆದ್ದ ಗಳಿಗೆಯಲ್ಲಿ ತೋರಿದ ಆ ದಯೆಯನ್ನು ನಾನು ಗೆಲುವಿಗಿಂತ ಕಡಿಮೆಯೆಂದು ಎಣಿಸಲಾರೆ.

ಗೆಲುವು ಉಳಿದದ್ದು ಆರು ವಾರ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಫೌಜು ಕೂಡಿಸಿ ಬಂತು, ಕೋಟೆ ಬಿತ್ತು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. ಅಲ್ಲಿಯೇ 1829ರಲ್ಲಿ ತೀರಿಕೊಂಡಳು. ಆಕೆಯ ಭಂಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಆರು ವಾರದ ಗೆಲುವಿಗೆ ಏನು ಬೆಲೆ ಎಂದು ಕೇಳುವವರಿಗೆ ನನ್ನ ಉತ್ತರ: ದೊರೆಯೂ ಸೋಲುತ್ತಾನೆಂದು ಈ ಸೀಮೆಯ ಒಕ್ಕಲು ಮಕ್ಕಳು ಕಣ್ಣಾರೆ ಕಂಡರು. ರಾಯಣ್ಣ ಮತ್ತೆ ಮಂದಿಯನ್ನು ಕೂಡಿಸಿದ್ದು ಆ ಕಂಡದ್ದರ ಬಲದಿಂದಲೇ.

ಆ ಅಕ್ಟೋಬರ್ 23ರಿಂದ 1947ರ ಆಗಸ್ಟ್ 15ರವರೆಗೆ 44,855 ದಿನ. ಆ ಗೆಲುವನ್ನು ನೆನೆಯುವ ಮುಂದಿನ ಕಿತ್ತೂರು ಉತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಕೋಟೆಯನ್ನಷ್ಟೇ ನೋಡಿ ಹಿಂದಿರುಗಬೇಡಿ. ಬೈಲಹೊಂಗಲಕ್ಕೂ ಹೋಗಿ, ಅಲ್ಲಿ ಆಕೆಯ ಸಮಾಧಿಯಿದೆ.