ರಾಜ್ಯದ ಎರಡನೇ ದೊಡ್ಡ ನಗರ ಯಾವುದು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಒಬ್ಬರು ಕೇಳಿದ್ದಾರೆ: ಬೆಂಗಳೂರನ್ನು ಬಿಟ್ಟರೆ ಕರ್ನಾಟಕದ ದೊಡ್ಡ ನಗರ ಮೈಸೂರೋ, ಹುಬ್ಬಳ್ಳಿ-ಧಾರವಾಡವೋ? ಅವರ ಬಳಿಯಿರುವ ಎರಡು ಕೈಪಿಡಿಗಳು ಎರಡು ಉತ್ತರ ಕೊಡುತ್ತವಂತೆ.

ಎರಡೂ ಸರಿ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಗಡಿಯೊಳಗೆ ಸಿಕ್ಕವರು 9,43,788 ಜನ. ಮೈಸೂರಿನ ಲೆಕ್ಕವನ್ನೂ ಪಾಲಿಕೆಯ ಗಡಿಗೇ ನಿಲ್ಲಿಸಿದರೆ ಅದು 9 ಲಕ್ಷದ ಆಸುಪಾಸಿನಲ್ಲಿ ಉಳಿಯುತ್ತದೆ. ಆಗ ಎರಡನೇ ಸ್ಥಾನ ಹುಬ್ಬಳ್ಳಿ-ಧಾರವಾಡಕ್ಕೆ. ಆದರೆ ಮೈಸೂರಿನ ಅಂಚಿಗೆ ಅಂಟಿಕೊಂಡೇ ಬೆಳೆದ ಬಡಾವಣೆಗಳನ್ನೂ ಸಣ್ಣ ಪಟ್ಟಣಗಳನ್ನೂ ಸೇರಿಸಿ ಜನಗಣತಿ ಇಲಾಖೆ 'ನಗರ ಸಮೂಹ' ಎಂಬ ಇನ್ನೊಂದು ಲೆಕ್ಕ ಇಡುತ್ತದೆ. ಅದರಲ್ಲಿ ಮೈಸೂರು ಸುಮಾರು 9.9 ಲಕ್ಷ. ಈಗ ಸ್ಥಾನ ಅದಲುಬದಲು. ಯಾರೂ ಮನೆ ಬದಲಿಸಲಿಲ್ಲ, ಗೆರೆಯಷ್ಟೇ ಸರಿಯಿತು.

ನಗರದ ಜನಸಂಖ್ಯೆಯನ್ನು ನಾವು ಜನರ ಎಣಿಕೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ಅದು ಜನರ ಎಣಿಕೆ ಎಷ್ಟೋ ಗೆರೆಯ ಆಯ್ಕೆಯೂ ಅಷ್ಟೇ. ಕಣದಲ್ಲಿ ಜೋಳದ ರಾಶಿ ಬಿದ್ದಿರುತ್ತದಲ್ಲ, ಅದರ ನಡುವೆ ಕಾಳು ಒತ್ತೊತ್ತಾಗಿರುತ್ತದೆ, ಅಂಚಿಗೆ ಬಂದಂತೆ ಚದುರುತ್ತ ಹೋಗುತ್ತದೆ. ರಾಶಿ ಇಲ್ಲಿಗೆ ಮುಗಿಯಿತು ಎನ್ನುವಂಥ ಜಾಗ ಕಾಳಿನಲ್ಲಿಲ್ಲ. ಅಳೆಯುವವನು ತನ್ನ ಕೆಲಸಕ್ಕೆ ತಕ್ಕಂತೆ ಅಂಚು ಗೊತ್ತುಮಾಡಿಕೊಳ್ಳುತ್ತಾನೆ. ಚೆಲ್ಲಿದ್ದನ್ನು ಬಳಿದು ಸೇರಿಸಿದರೆ ಒಂದು ಅಳತೆ, ಬಿಟ್ಟರೆ ಇನ್ನೊಂದು. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಕಣದಲ್ಲಿರುವುದು ಎರಡು ರಾಶಿ. ನಡುವೆ ಸುಮಾರು 20 ಕಿಲೋಮೀಟರ್. ಆ ನಡುವಿನಲ್ಲಿ ಉಣಕಲ್, ನವನಗರ, ರಾಯಾಪುರ, ಸತ್ತೂರು ಎಂದು ಉದ್ದಕ್ಕೂ ಕಾಳು ಬಿದ್ದಿದೆ. ಒಂದೇ ರಾಶಿ ಎನ್ನಬೇಕೋ ಎರಡೋ?

1962ರಲ್ಲಿ ಸರ್ಕಾರ ಒಂದೇ ಎಂದಿತು. ಅದಕ್ಕೆ ಹಿಂದಿನ ವರ್ಷದ ಗಣತಿಯಲ್ಲಿ ಹುಬ್ಬಳ್ಳಿ 1.71 ಲಕ್ಷ, ಧಾರವಾಡ 77 ಸಾವಿರ. ಕೂಡಿಸಿದರೆ ಎರಡೂವರೆ ಲಕ್ಷಕ್ಕೆ ತುಸು ಕಡಿಮೆ. ಆಗ ನಡುವೆ ಬಹುಪಾಲು ಹೊಲಗಳೇ. ಈಗ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಆಗಲಿ ಎಂದು ಒಪ್ಪಿಗೆ ಕೊಟ್ಟಿದೆ. ನಡುವಿನ ಹೊಲಗಳೆಲ್ಲ ಬಡಾವಣೆಗಳಾಗಿ, ಚಿಗರಿ ಬಸ್ಸು ತನ್ನದೇ ಹಾದಿಯಲ್ಲಿ ಎರಡೂ ಊರನ್ನು ಹೊಲಿದುಬಿಟ್ಟ ಮೇಲೆ ಬೇರೆಯಾಗುವ ಮಾತು ಬಂದಿದೆ. ಧಾರವಾಡದವರ ಬೇಡಿಕೆಗೆ ಅವರದೇ ಕಾರಣಗಳಿವೆ, ಅವು ನ್ಯಾಯವಾದವೂ ಹೌದು. ಆದರೆ ಆಡಳಿತದ ಗೆರೆ ಊರಿನ ಬೆಳವಣಿಗೆಯ ಹಿಂದೆ ಹೋಗುತ್ತದೆ ಎಂಬ ನಂಬಿಕೆಗೆ ಇದು ಒಳ್ಳೆಯ ಪೆಟ್ಟು.

ಗೆರೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಬೆಂಗಳೂರನ್ನೇ ನೋಡಿ. 2001ರಲ್ಲಿ ಪಾಲಿಕೆಯ ಜನಸಂಖ್ಯೆ 43 ಲಕ್ಷ, 2011ರಲ್ಲಿ 84 ಲಕ್ಷ. ಹತ್ತು ವರ್ಷದಲ್ಲಿ ಊರು ಇಮ್ಮಡಿಯಾಯಿತು ಎಂದು ಈಗಲೂ ಭಾಷಣಗಳಲ್ಲಿ ಕೇಳುತ್ತೇವೆ. ನಡೆದದ್ದೇನೆಂದರೆ, 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಪಾಲಿಕೆಯೊಳಕ್ಕೆ ಬಂದವು. ನಗರ ಸಮೂಹದ ಲೆಕ್ಕ ಹಿಡಿದರೆ 57 ಲಕ್ಷ 85 ಲಕ್ಷವಾಯಿತು, ಅಂದರೆ ಸುಮಾರು ಅರ್ಧದಷ್ಟು ಏರಿಕೆ. ಅದೇನು ಸಣ್ಣದಲ್ಲ. ಆದರೆ ಇಮ್ಮಡಿ ಅಲ್ಲ.

ಭೂಗೋಳಶಾಸ್ತ್ರಜ್ಞರಿಗೆ ಈ ತೊಡಕು ಹೊಸದೇನಲ್ಲ. 1934ರಲ್ಲಿ ಗೆಲ್ಕಿ ಮತ್ತು ಬೀಲ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು, ಅದೇ ಅಂಕಿಗಳನ್ನು ಬೇರೆ ಗಾತ್ರದ ಪ್ರದೇಶಗಳಾಗಿ ಗುಂಪು ಮಾಡಿದಾಗ ತೀರ್ಮಾನವೇ ಬದಲಾಗುವುದನ್ನು ತೋರಿಸಿದರು. 1970-80ರ ದಶಕದಲ್ಲಿ ಬ್ರಿಟನ್ನಿನ ಸ್ಟ್ಯಾನ್ ಓಪನ್‌ಶಾ ಅದನ್ನು ಕಂಪ್ಯೂಟರಿನಲ್ಲಿ ಕೂರಿಸಿ, ಗೆರೆಗಳನ್ನು ಬೇಕೆಂದಂತೆ ಎಳೆದು ಬೇಕೆಂದ ಉತ್ತರವನ್ನೇ ಪಡೆಯಬಹುದು ಎಂಬಲ್ಲಿಗೆ ಒಯ್ದರು.

ಆದರೆ ನನ್ನನ್ನು ಹೆಚ್ಚು ಸೆಳೆದವರು ಇವರಿಗಿಂತ ಹಿಂದಿನವರು, ಜರ್ಮನಿಯ ಯೇನಾ ಊರಿನ ಫೆಲಿಕ್ಸ್ ಔಎರ್ಬಾಖ್. ವೃತ್ತಿಯಲ್ಲಿ ಭೌತವಿಜ್ಞಾನಿ, ಕಲೆಯ ಗೆಳೆಯ. ಅವರ ಭಾವಚಿತ್ರವನ್ನು ಚಿತ್ರಕಾರ ಎಡ್ವರ್ಡ್ ಮುಂಕ್ ಬರೆದಿದ್ದಾನೆ. 1913ರಲ್ಲಿ ಅವರು ನಗರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿ, ಪ್ರತಿ ನಗರದ ಜನಸಂಖ್ಯೆಯನ್ನು ಅದರ ಸ್ಥಾನದಿಂದ ಗುಣಿಸಿದರು. ಗುಣಲಬ್ಧ ಹೆಚ್ಚುಕಡಿಮೆ ಒಂದೇ ಬರುತ್ತಿತ್ತು. ಅಂದರೆ ಎರಡನೇ ಊರು ಮೊದಲನೆಯದರ ಅರ್ಧ, ಮೂರನೆಯದು ಮೂರನೇ ಒಂದು. ಮೂರೂವರೆ ದಶಕದ ಬಳಿಕ ಹಾರ್ವರ್ಡ್‌ನ ಭಾಷಾವಿಜ್ಞಾನಿ ಜಾರ್ಜ್ ಜಿಫ್ ಇದನ್ನು 1949ರ ತಮ್ಮ ಪುಸ್ತಕದಲ್ಲಿ ಪ್ರಸಿದ್ಧಗೊಳಿಸಿದ್ದರಿಂದ ಇವತ್ತು ಇದು ಜಿಫ್ ನಿಯಮ. ಯಹೂದಿಯಾಗಿದ್ದ ಔಎರ್ಬಾಖ್ 1933ರಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಹೆಂಡತಿಯೊಡನೆ ಪ್ರಾಣ ಬಿಟ್ಟರು. ನಿಯಮಕ್ಕೆ ಅವರ ಹೆಸರೇ ಇರಬೇಕಿತ್ತು.

ಆ ಗುಣಾಕಾರವನ್ನು ಕರ್ನಾಟಕಕ್ಕೆ ಹಚ್ಚಿ ನೋಡಿದೆ, 2011ರ ನಗರ ಸಮೂಹಗಳ ಅಂಕಿ ಹಿಡಿದು. ಬೆಂಗಳೂರು 85 ಲಕ್ಷ, ಒಂದರಿಂದ ಗುಣಿಸಿದರೆ 85. ಮೈಸೂರು 9.9, ಎರಡರಿಂದ ಗುಣಿಸಿದರೆ ಸುಮಾರು 20. ಹುಬ್ಬಳ್ಳಿ-ಧಾರವಾಡ 28. ನಿಯಮ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ಆದರೆ ಮುಂದೆ ಹೋಗಿ: ಮಂಗಳೂರು (6.2) 25, ಬೆಳಗಾವಿ (6.1) ಮೂವತ್ತೂವರೆ, ಕಲಬುರಗಿ (5.4) 32, ದಾವಣಗೆರೆ (4.35) ಮೂವತ್ತೂವರೆ, ಬಳ್ಳಾರಿ (4.1) 33, ವಿಜಯಪುರ (3.3) 30, ಶಿವಮೊಗ್ಗ (3.2) 32. ಮೂವತ್ತರ ಸುತ್ತಲೇ ಸುತ್ತುತ್ತಿದೆ! ಈ ಸಾಲಿನ ಪ್ರಕಾರ ಮೊದಲ ಊರು ಇರಬೇಕಾದದ್ದು 30 ಲಕ್ಷ, ಎರಡನೆಯದು 15 ಲಕ್ಷ. ಮೊದಲನೆಯದು ಮಿತಿ ಮೀರಿ ಉಬ್ಬಿದೆ, ಎರಡು-ಮೂರನೆಯವು ಬೆಳೆಯಬೇಕಾದಷ್ಟು ಬೆಳೆದಿಲ್ಲ.

ಹೀಗೆ ಒಂದೇ ನಗರ ಉಳಿದವನ್ನೆಲ್ಲ ಬಹಳ ಹಿಂದೆ ಬಿಡುವುದನ್ನು 1939ರಲ್ಲಿ ಅಮೆರಿಕದ ಮಾರ್ಕ್ ಜೆಫರ್ಸನ್ ವಿವರಿಸಿ, ಅದಕ್ಕೂ ನಿಯಮ ಎಂಬ ಪಟ್ಟ ಕಟ್ಟಿದರು. ಒಂದೇ ವಿಷಯಕ್ಕೆ ಪರಸ್ಪರ ವಿರುದ್ಧವಾದ ಎರಡು ನಿಯಮಗಳಿದ್ದರೆ ಎರಡೂ ನಿಯಮಗಳಲ್ಲ ಎಂದು ನನ್ನ ಎಣಿಕೆ. ನ್ಯೂಟನ್ನನ ಸಾಲಿನಲ್ಲಿ ಜಿಫ್‌ನನ್ನು ಕೂರಿಸುವ ಬರಹಗಳನ್ನು ಓದುವಾಗ ಎಚ್ಚರವಿರಲಿ. ನಮ್ಮ ಪಟ್ಟಿಗೆ ಇತಿಹಾಸದ ಕಾರಣ ಕಣ್ಣೆದುರೇ ಇದೆ. 1956ರವರೆಗೆ ಹುಬ್ಬಳ್ಳಿ ಮುಂಬಯಿಯತ್ತ, ಮಂಗಳೂರು ಮದರಾಸಿನತ್ತ, ಕಲಬುರಗಿ ಹೈದರಾಬಾದಿನತ್ತ ಮುಖ ಮಾಡಿದ್ದವು. ಬೇರೆ ಬೇರೆ ಸಾಲುಗಳ ನಡುವಿನ ಊರುಗಳನ್ನು ಕಿತ್ತು ತಂದು ಒಂದೇ ಸಾಲಿನಲ್ಲಿ ನಿಲ್ಲಿಸಿದೆವು. ಅದಾದ ಮೇಲೆ ಬೆಂಗಳೂರು ಇಡೀ ದೇಶದಿಂದ ಜನರನ್ನು ಎಳೆದುಕೊಂಡಿತು: 1971ರಿಂದ 2011ರ ನಡುವೆ ಅದು ಐದು ಪಟ್ಟಾದರೆ ಹುಬ್ಬಳ್ಳಿ-ಧಾರವಾಡ 3.8 ಲಕ್ಷದಿಂದ ಎರಡೂವರೆ ಪಟ್ಟಾಯಿತು. ಕೊನೆಯ ದಶಕದಲ್ಲಂತೂ ಬರೀ ಶೇ. 20.

ಇನ್ನು ನೆಲ ಎಳೆದ ಗೆರೆ. ಅದು ಯಾವ ಸಂಪುಟ ಸಭೆಗೂ ಕಾಯುವುದಿಲ್ಲ. ಹುಬ್ಬಳ್ಳಿಗಿಂತ ಎತ್ತರದಲ್ಲಿರುವ ಧಾರವಾಡ ಮಲೆನಾಡಿನ ಸೆರಗು. ಪಶ್ಚಿಮಕ್ಕೆ ಹೊರಟರೆ ಕಾಡು, ಭತ್ತದ ಗದ್ದೆ. ಹುಬ್ಬಳ್ಳಿ ದಾಟಿ ನವಲಗುಂದದ ಕಡೆ ಹೋದರೆ ಕಣ್ಣು ಹರಿಯುವಷ್ಟೂ ಬೆಳವಲದ ಎರೆಭೂಮಿ, ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಆ ಎರೆಯ ಹತ್ತಿ ಮತ್ತು ಸದರ್ನ್ ಮರಾಠಾ ರೈಲ್ವೆ ಸೇರಿ ಹುಬ್ಬಳ್ಳಿಯನ್ನು ಪೇಟೆ ಮಾಡಿದವು. ಎತ್ತರದ ತಂಪು ಊರಿಗೆ ಕಲೆಕ್ಟರ ಕಚೇರಿ, ಕಾಲೇಜು, ವಿಶ್ವವಿದ್ಯಾಲಯ ಬಂದವು. ಅವಳಿ ಎನ್ನುತ್ತೇವೆ, ಹುಟ್ಟಿದ್ದು ಮಾತ್ರ ಎರಡು ಬೇರೆ ಭೂಮಿಯಲ್ಲಿ.

ನೀರು ಹರಿಯುವ ದಿಕ್ಕಂತೂ ಇನ್ನೂ ಸ್ಪಷ್ಟ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಗಂಗಾವಳಿಯೆಂಬ ಹೆಸರಿನಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಅವಳಿ ನಗರ ಕುಡಿಯುವ ನೀರೂ ಹಾಗೆಯೇ: ಸವದತ್ತಿ ಬಳಿಯ ನವಿಲುತೀರ್ಥದಿಂದ ಬರುವ ಮಲಪ್ರಭೆಯ ನೀರು ಪೂರ್ವದ ಪಾತ್ರದ್ದು, ನೀರಸಾಗರದ್ದು ಬೇಡ್ತಿಯ ಕಡೆಯದು. ಭೂವಿಜ್ಞಾನಿಗಳಿಗೆ ಧಾರವಾಡ ಇದಕ್ಕೂ ದೊಡ್ಡದು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಲ್ಲಿನ ಶಿಲೆಗಳಿಗೆ ಊರಿನ ಹೆಸರಿಟ್ಟು, ಅದೇ ಶಿಲಾವರ್ಗವನ್ನು ಕೋಲಾರದ ಚಿನ್ನದ ಗಣಿಯವರೆಗೂ ಗುರುತಿಸಿದರು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರದ ದಿನ. ಆಗ ಬಹುಶಃ 10 ಲಕ್ಷದ ಗೆರೆಯ ಮಾತು ಏಳುತ್ತದೆ. ಸಂವಿಧಾನದ 243ಪಿ ವಿಧಿ ಮಹಾನಗರ ಪ್ರದೇಶಕ್ಕೆ ಇಟ್ಟ ಅಳತೆ ಅದು; 15ನೇ ಹಣಕಾಸು ಆಯೋಗವೂ ನಗರಗಳ ಅನುದಾನವನ್ನು ಆ ಗೆರೆಯ ಮೇಲೆ-ಕೆಳಗೆ ಎಂದೇ ವಿಂಗಡಿಸಿತು. 2011ರಲ್ಲಿ ಹುಬ್ಬಳ್ಳಿ-ಧಾರವಾಡ 56 ಸಾವಿರದಿಂದ ಅದನ್ನು ತಪ್ಪಿಸಿಕೊಂಡಿತು. ಪಾಲಿಕೆ ಎರಡಾದರೂ ಭಯವಿಲ್ಲ: ಒಂದಕ್ಕೊಂದು ತಾಗಿಕೊಂಡಿರುವ ಪಟ್ಟಣಗಳನ್ನು ಒಂದೇ ನಗರ ಸಮೂಹವಾಗಿ ಎಣಿಸಲು ಜನಗಣತಿಯ ನಿಯಮದಲ್ಲೇ ಅವಕಾಶವಿದೆ. ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ, ಫಲಿತಾಂಶ ಬಂದಾಗ ಪಾಲಿಕೆಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ನಗರ ಸಮೂಹಗಳ ಪಟ್ಟಿ ತೆರೆಯಿರಿ. ಅದರ ಅಡಿಯಲ್ಲಿ ಯಾವ ಯಾವ ಊರು, ಯಾವ ಹೊರಬೆಳವಣಿಗೆ ಸೇರಿವೆ ಎಂದು ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ಸ್ಥಾನ ನೋಡುವ ಮೊದಲು ಅದನ್ನು ಓದಿ.